ಹುಸಿಚೇಳಿನ ಮೇಷ್ಟ್ರು

ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ತೀರಿಹೋದ ವಾರ ಮುಳಬಾಗಿಲಿನಲ್ಲಿ ಒಂದು ಸಂತಾಪ ಸಭೆ ಸೇರಿತ್ತು. ಮಾತಾಡಿದವರೆಲ್ಲ ತಡವರಿಸಿದರು. ಸತ್ತವರ ಬಗ್ಗೆ ಒಳ್ಳೆಯದನ್ನು ಹೇಳಬೇಕು, ಆದರೆ ಅವರೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅವರ ಅನುಮಾನ. ಒಬ್ಬರು, ಅವರು ಯಾವುದನ್ನೂ ಪರಿಶೀಲಿಸದೆ ಒಪ್ಪುತ್ತಿರಲಿಲ್ಲ ಎಂದು ನಯವಾಗಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನ್ನನ್ನೂ ಕರೆದರು. ಎರಡು ವಾಕ್ಯ ಹೇಳಿ ಕೂತುಬಿಟ್ಟೆ. ನನಗೆ ಹೇಳಬೇಕಾಗಿದ್ದುದು ಮೈಕಿನ ಮುಂದೆ ನಿಂತು ಹೇಳುವಂಥದ್ದಾಗಿರಲಿಲ್ಲ.

ಅವರ ಅನುಮಾನದ ಕತೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಶ್ರೀನಿವಾಸಪುರಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮೂವರನ್ನು ಕೇಳುತ್ತಿದ್ದರು. ಮೂವರೂ ಬೇರೆಬೇರೆ ಹೇಳಿದರೆ ಸಮಾಧಾನ. ಒಂದೇ ಹೇಳಿದರೆ ಇನ್ನಷ್ಟು ಅನುಮಾನ; ಮೂವರೂ ಒಬ್ಬನನ್ನೇ ಕೇಳಿಕೊಂಡಿರಬೇಕು ಎನ್ನುವರು. ಮಾವಿನ ಕಾಲದಲ್ಲಿ ಹಣ್ಣಿನ ಗಾಡಿಯವನು ಬಾದಾಮಿ ಸಾರ್, ಬೇಕಾದರೆ ಒಂದು ತಿಂದು ನೋಡಿ ಎಂದರೆ, ಒಂದು ತಿಂದರೆ ಆ ಒಂದರದು ಗೊತ್ತಾಗುತ್ತೆ ಅಷ್ಟೆ ಎಂದು ಮುಂದೆ ಹೋಗುವರು. ಲ್ಯಾಬಿನ ಬೀರುವಿಗೆ ಬೀಗ ಹಾಕಿ ಮೂರು ಸಲ ಎಳೆದು, ಗೇಟಿನ ತನಕ ಹೋಗಿ, ವಾಪಸು ಬಂದು ನಾಲ್ಕನೇ ಸಲ ಎಳೆಯುವರು. ಬೀಗವನ್ನಲ್ಲ, ಎಳೆದದ್ದು ನಿನ್ನೆಯ ನೆನಪೋ ಇವತ್ತಿನದೋ ಎಂದು ತಮ್ಮ ತಲೆಯನ್ನೇ ಅನುಮಾನಿಸುತ್ತಿದ್ದರು ಎಂಬುದು ನನಗೆ ತಿಳಿದದ್ದು ತುಂಬಾ ಆಮೇಲೆ.

ನಾನು ಆ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ನನ್ನದು ಶ್ರೀನಿವಾಸಪುರ ಕಡೆಯ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಪ್ಪ ಅಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಹುಳುವಿನ ಜೊತೆಯಲ್ಲೇ ಬೆಳೆದವಳಾದ್ದರಿಂದ ಪ್ರಾಣಿಶಾಸ್ತ್ರ ಹಿಡಿದೆ. ಮೊದಲನೆಯ ದಿನ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಎಂ.ಎಸ್ಸಿ.ಯಲ್ಲಿ ಮಿಡತೆಯ ವರ್ಣತಂತು ಎಣಿಸಿದ್ದೀಯಾ ಎಂದು ಕೇಳಿದರು. ಹೂಂ ಎಂದೆ.

"ನೀನೇ ಎಣಿಸಿದ್ಯೋ, ಪಕ್ಕದವರದು ನೋಡಿ ಬರೆದ್ಯೋ?"

ಮೊದಲ ಸಲ ಪಕ್ಕದವಳದು ನೋಡಿದೆ, ಎರಡನೇ ಸಲ ನಾನೇ ಎಣಿಸಿದೆ ಎಂದು ನಿಜ ಹೇಳಿದೆ. ಮರುದಿನ ತಮ್ಮ ಸೂಕ್ಷ್ಮದರ್ಶಕದ ಎದುರಿನ ಸ್ಟೂಲು ತೋರಿಸಿ, ಬಿಡುವಿದ್ದಾಗ ಇಲ್ಲಿ ಕೂತ್ಕೋ ಎಂದರು. ಹುಸಿಚೇಳನ್ನು ನಾನು ನೋಡಿದ್ದು ಆಗ.

ಅದು ಅಕ್ಕಿಕಾಳಿಗಿಂತ ಸಣ್ಣ ಜೀವಿ. ಚೇಳಿನ ಹಾಗೆಯೇ ಎರಡು ಇಕ್ಕಳ ಮುಂದಕ್ಕೆ ಚಾಚಿಕೊಂಡು ಬರುತ್ತದೆ; ಆದರೆ ಹಿಂದೆ ಬಾಲವೂ ಇಲ್ಲ, ಕೊಂಡಿಯೂ ಇಲ್ಲ. ಮುಟ್ಟಿದರೆ ಹಿಂದಹಿಂದಕ್ಕೆ ಓಡುತ್ತದೆ. ಮರದ ತೊಗಟೆಯ ಕೆಳಗೆ, ಕಲ್ಲಿನ ಸಂದಿಯಲ್ಲಿ, ಹಳೆಯ ಪುಸ್ತಕಗಳ ನಡುವೆ ಇರುತ್ತದೆ. ಒಮ್ಮೊಮ್ಮೆ ನೊಣದ ಕಾಲನ್ನೋ ದುಂಬಿಯ ಕಾಲನ್ನೋ ಕಚ್ಚಿ ಹಿಡಿದು ದೂರದೂರ ಸವಾರಿ ಹೋಗುವುದೂ ಉಂಟು. ಹೆಚ್ಚಿನವರು ಹುಟ್ಟಿದಾರಭ್ಯ ಅದನ್ನು ಕಂಡಿರುವುದಿಲ್ಲ. ಮೇಷ್ಟ್ರು ಅದರ ಹಿಂದೆ ತಮ್ಮ ನೌಕರಿಯ ಅರ್ಧ ಕಾಲ ಸುತ್ತಿದ್ದರು. ರಾಯಲ್ಪಾಡಿನ ಹತ್ತಿರ ಹಳೇ ನಾಟಿಮಾವಿನ ತೋಪೊಂದಿತ್ತು, ಅಲ್ಲಿಯ ತೊಗಟೆಯ ಕೆಳಗಿನವು ಒಂದು ಕಡೆ. ಆವನಿಯ ಬೆಟ್ಟದ ಬಂಡೆಸಂದಿಯವು ಇನ್ನೊಂದು ಕಡೆ. ಹೊರಗಿನಿಂದ ಎರಡೂ ಒಂದೇ. ಇಕ್ಕಳ, ಕಣ್ಣು, ಮೈಮೇಲಿನ ಕೂದಲು ಎಲ್ಲವನ್ನೂ ಹೋಲಿಸಿ ಅವರು ಚಿತ್ರ ಬರೆದಿಟ್ಟಿದ್ದರು. ಆದರೆ ಜೀವಕೋಶದ ಒಳಗೆ, ಆವನಿಯ ಗಂಡುಗಳಲ್ಲಿ ವರ್ಣತಂತು ಎರಡು ಕಡಿಮೆ.

ಹೀಗಾಗುವುದು ಹೇಗೆ ಎಂದರೆ, ಎಂದೋ ಒಂದು ಕಾಲದಲ್ಲಿ ಎರಡು ವರ್ಣತಂತು ಒಂದಕ್ಕೊಂದು ಅಂಟಿಕೊಂಡು ಒಂದಾಗಿರಬಹುದು. ಜೋಡಿಯಲ್ಲಿ ಲೆಕ್ಕ ಹಾಕಿದರೆ ಎರಡು ಕಡಿಮೆ. ಹಾಗೆ ಲೆಕ್ಕ ಬೇರೆಯಾದ ಗುಂಪುಗಳು ಕೂಡಿ ಹುಟ್ಟಿದ ಸಂತಾನ ಸರಿಯಾಗಿ ಮುಂದುವರಿಯದೆ ಹೋಗಬಹುದು. ನಿಧಾನವಾಗಿ ಎರಡು ಗುಂಪೂ ತಮ್ಮ ತಮ್ಮ ದಾರಿ ಹಿಡಿಯಬಹುದು. ಮೇಷ್ಟ್ರು ಇದನ್ನು ಹೇಳುವಾಗ ಪ್ರತಿ ವಾಕ್ಯದ ಕೊನೆಯಲ್ಲೂ 'ಬಹುದು' ಇರುತ್ತಿತ್ತು.

"ಇವು ಬೇರೆ ಆಗ್ತಾ ಇದಾವೋ, ಆಗ್ಲೇ ಆಗ್ಬಿಟ್ಟಿದಾವೋ, ಅಥವಾ ನಾನೇ ಎಣಿಸೋದ್ರಲ್ಲಿ ಎಡವ್ತಾ ಇದೀನೋ, ಮೂರೂ ಇರಬಹುದಮ್ಮ."

ಒಮ್ಮೆ ಆವನಿಗೆ ಅವರ ಜೊತೆ ಹೋಗಿದ್ದೆ. ಸಣ್ಣ ಉಳಿಯಿಂದ ಬಂಡೆಯ ಚಕ್ಕೆ ಎಬ್ಬಿಸುತ್ತಾ, ಕುಂಚದ ತುದಿಯಿಂದ ಹುಳ ಎತ್ತಿ ಸೀಸೆಗೆ ಹಾಕುತ್ತಿದ್ದರು. ಇಬ್ಬರು ರೈತರು ಬಂದು ನಿಂತರು. ದೇವಸ್ಥಾನದ ಊರು, ನಿಧಿ ಹುಡುಕುವವರ ಕಾಟ ಅವರಿಗೆ ಹೊಸದಲ್ಲ. ಏನು ಕೆದಕುತ್ತಿದ್ದೀರಿ ಎಂದು ಕೇಳಿದರು. ಮೇಷ್ಟ್ರು ಸೀಸೆ ತೋರಿಸಿದರು. ಒಬ್ಬ ಚೇಳಿನ ಮರಿ ಎಂದ, ಇನ್ನೊಬ್ಬ ಹಾಗಾದರೆ ಬಾಲ ಎಲ್ಲಿ ಎಂದ. ಇದನ್ನು ಹಿಡಿದು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ಒಳಗೆ ಎಷ್ಟು ದಾರ ಇದೆ ಎಂದು ಎಣಿಸುತ್ತೇನೆ ಎಂದು ಮೇಷ್ಟ್ರು ಹೇಳಿದ ಮೇಲಂತೂ ಅವರಿಬ್ಬರೂ ಅಲ್ಲೇ ಕೂತುಬಿಟ್ಟರು. ನಾವು ಇಳಿಯುವ ತನಕ ಕದಲಲಿಲ್ಲ. ನನಗೆ ಅವಮಾನವಾಗಿತ್ತು. ಮೇಷ್ಟ್ರು ಮಾತ್ರ ದಾರಿಯುದ್ದಕ್ಕೂ ಖುಷಿಯಾಗಿದ್ದರು. ಬಾಯಿಮಾತಿಗೆ ನಂಬಲಿಲ್ಲವಲ್ಲ, ಒಳ್ಳೆಯ ಜನ ಎಂದರು.

ನನ್ನ ಕೆಲಸ ಎಣಿಸುವುದು. ಗಂಡು ಹುಳದ ವೃಷಣವನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಒಣಗಿಸುವುದೆಲ್ಲ ಅವರೇ. ಪ್ರತಿ ಸ್ಲೈಡಿನ ಊರಿನ ಹೆಸರು ಕಾಣದಂತೆ ಮೇಲೆ ಬಿಳಿ ಕಾಗದ ಅಂಟಿಸಿ, ಬರೀ ಒಂದು ನಂಬರು ಹಾಕಿ ನನಗೆ ಕೊಡುವರು. ನೇರಳೆ ಬಣ್ಣದ ಸಣ್ಣಸಣ್ಣ ಕಡ್ಡಿಗಳನ್ನು ಎಣಿಸಿ ನಾನು ಬರೆಯಬೇಕು. ಗಂಡಿನಲ್ಲಿ ಒಂದು ವರ್ಣತಂತು ಜೋಡಿಯಿಲ್ಲದೆ ಒಂಟಿಯಾಗಿರುವುದರಿಂದ ಮೊತ್ತ ಯಾವಾಗಲೂ ಬೆಸವಾಗಿರಬೇಕು. ಸಮ ಸಂಖ್ಯೆ ಬಂದರೆ ಎಲ್ಲೋ ಒಂದು ಬಿಟ್ಟಿದ್ದೇನೆ ಎಂದು ಮತ್ತೆ ಎಣಿಸುತ್ತಿದ್ದೆ. ಅದೇ ಸ್ಲೈಡುಗಳನ್ನು ಅವರೂ ಬೇರೆ ಎಣಿಸಿ ತಮ್ಮ ನೋಟುಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುತ್ತಿದ್ದರು. ಆ ಪುಸ್ತಕವನ್ನು ನನಗೆ ತೋರಿಸುತ್ತಿರಲಿಲ್ಲ.

ಒಂದು ದಿನ ಮೂಲೆಯಲ್ಲಿ ಕೂದಲೆಳೆಯಂಥ ಗೀರಿದ್ದ ಒಂದು ಸ್ಲೈಡು ಬಂತು. ಅದನ್ನು ನಾನು ಹಿಂದಿನ ವಾರವೇ ಎಣಿಸಿದ್ದೆ. ಈಗ ನಂಬರು ಬೇರೆ. ಆಮೇಲೆ ಗಮನಿಸುತ್ತಾ ಹೋದೆ: ಎಣಿಸಿದ್ದನ್ನೇ ಹೊಸ ನಂಬರು ಹಾಕಿ ಮತ್ತೆ ಮತ್ತೆ ಕೊಡುತ್ತಿದ್ದರು. ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ಗೊತ್ತಾಗಿ ಮೈ ಉರಿಯಿತು. ಎರಡು ವರ್ಷದಿಂದ ಪಾಠದ ನಡುವೆ ಬಿಡುವು ಮಾಡಿಕೊಂಡು ಕತ್ತು ನೋಯಿಸಿಕೊಂಡದ್ದು ಇದಕ್ಕಾ ಅನ್ನಿಸಿತು.

ಸಸ್ಯಶಾಸ್ತ್ರದಲ್ಲಿದ್ದ ಒಬ್ಬ ಸಹೋದ್ಯೋಗಿಗೆ ಹೇಳಿಕೊಂಡೆ. ಅವರು ನಕ್ಕು, ಒಂದೇ ಹುಳಕ್ಕೆ ಎರಡು ಊರಿನಲ್ಲಿ ಎರಡು ಲೆಕ್ಕ ಎಂದರೆ ನೀವು ಹೇಗೆ ನಂಬಿದಿರಿ ಮೇಡಂ ಎಂದರು. ಅದೆಲ್ಲ ಕುರ್ಚಿಯಲ್ಲಿ ಕೂತು ಬರೆಯುವ ಲೆಕ್ಕವಂತೆ. ನನ್ನ ಎಣಿಕೆ ತಮಗೆ ಬೇಕಾದಂತೆ ಬಂದರೆ ಇಟ್ಟುಕೊಳ್ಳುತ್ತಾರೆ, ಬರದಿದ್ದರೆ ತಿದ್ದುತ್ತಾರೆ. ಇಲ್ಲದಿದ್ದರೆ ಪುಸ್ತಕ ಯಾಕೆ ಬಚ್ಚಿಡಬೇಕು ಎಂದರು. ಆ ಮಾತು ನನ್ನೊಳಗೆ ಹೊಕ್ಕು ಕೂತಿತು. ಆಮೇಲೆ ಮೇಷ್ಟ್ರು ಏನು ಮಾಡಿದರೂ ಅದಕ್ಕೆ ಸಾಕ್ಷಿಯಾಗಿಯೇ ಕಂಡಿತು. ಪುಸ್ತಕ ಮುಚ್ಚಿದರೆ ಅನುಮಾನ, ತೆರೆದಿಟ್ಟು ಹೊರಗೆ ಹೋದರೆ, ಇದೂ ಪರೀಕ್ಷೆಯೇ ಇರಬೇಕು ಎಂಬ ಅನುಮಾನ. ಅವರ ರೋಗ ನನಗೂ ತಗುಲಿತು. ಅವರಿಗೂ ನನಗೂ ಇದ್ದ ವ್ಯತ್ಯಾಸ ಒಂದೇ: ಅವರು ಅನುಮಾನ ಬಂದದ್ದನ್ನು ಬಾಯಿಬಿಟ್ಟು ಕೇಳುತ್ತಿದ್ದರು, ನಾನು ಕೇಳಲಿಲ್ಲ.

ಕೇಳುವ ಬದಲು ಒಂದು ಬಲೆ ಹೆಣೆದೆ. ಮುಂದಿನ ಒಂದು ತಿಂಗಳು, ಮೊದಲ ಸಲ ಕೈಗೆ ಬಂದ ಸ್ಲೈಡುಗಳಲ್ಲಿ ಮನಸ್ಸಿಗೆ ತೋಚಿದವಕ್ಕೆ ಬೇಕೆಂದೇ ಎರಡು ಹೆಚ್ಚೋ ಎರಡು ಕಡಿಮೆಯೋ ಬರೆದುಕೊಟ್ಟೆ. ಬೆಸ ಸಂಖ್ಯೆಯಾಗಿಯೇ ಉಳಿಯುತ್ತಿದ್ದುದರಿಂದ ನೋಡಿದ ಕೂಡಲೇ ತಪ್ಪೆಂದು ಗೊತ್ತಾಗುವಂತಿರಲಿಲ್ಲ. ಅವರು ಕದ್ದು ತಿದ್ದಿದರೆ ಹಿಡಿಯಬಹುದು ಎಂದು ಕಾದೆ. ಅವರು ತಿದ್ದಲಿಲ್ಲ. ನನ್ನ ಹಾಳೆಯನ್ನೂ ತಮ್ಮ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

ಅಲ್ಲಿಂದ ಶುರುವಾಯಿತು. ಮೊದಲು ಸೂಕ್ಷ್ಮದರ್ಶಕದ ಬಲ್ಬು ಬದಲಾಯಿಸಿದರು. ಆಮೇಲೆ ಲೆನ್ಸು ಬಿಚ್ಚಿ ಒರೆಸಿದರು. ಆಮೇಲೆ ಬಣ್ಣದ ಮೇಲೆ ಅನುಮಾನ. ಬಣ್ಣ ಹಳೆಯದಾಗಿ ಕಡ್ಡಿಗಳು ಸರಿಯಾಗಿ ಬಿಡಿಬಿಡಿಯಾಗಿ ಕಾಣುತ್ತಿಲ್ಲವೇನೋ ಎಂದು. ನಾನು ಒಂದು ವಾರ ರಜೆಯಲ್ಲಿದ್ದಾಗ ರಾಯಲ್ಪಾಡಿನ ಇಡೀ ಪೆಟ್ಟಿಗೆಯ ಸ್ಲೈಡುಗಳನ್ನು ದ್ರಾವಣದಲ್ಲಿಟ್ಟು ಬಣ್ಣ ತೆಗೆದು, ಮತ್ತೆ ಬಣ್ಣ ಹಾಕಿದರಂತೆ. ಬಣ್ಣದ ಜೊತೆ ಕೋಶಗಳೂ ಎದ್ದುಹೋದವು. ನಾನು ಬಂದಾಗ ಮೇಜಿನ ಮೇಲೆ ಖಾಲಿ ಗಾಜುಗಳಿದ್ದವು. ಆವನಿಯದನ್ನು ಮುಟ್ಟುವ ಮೊದಲು ನಿಲ್ಲಿಸಿದೆ ಎಂದು ಮೆಲ್ಲಗೆ ಹೇಳಿದರು. ಈ ಲೆಕ್ಕದ ಬಗ್ಗೆ ವಿಜ್ಞಾನ ಪತ್ರಿಕೆಗೆ ಕಳಿಸಲು ಸಿದ್ಧ ಮಾಡಿಟ್ಟಿದ್ದ ಲೇಖನವನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿದ್ದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಇದಕ್ಕೆ ಏನು ಹೆಸರು ಕೊಡಬೇಕೋ ಇವತ್ತಿಗೂ ತಿಳಿದಿಲ್ಲ.

ಕೊನೆಗೆ ಅವರ ಅನುಮಾನ ತಮ್ಮ ಕಣ್ಣಿಗೇ ಬಂದು ನಿಂತಿತು. ಕೋಲಾರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಸಣ್ಣಗೆ ಪೊರೆ ಇದೆ, ಅವಸರವೇನೂ ಇಲ್ಲ ಎಂದು ಡಾಕ್ಟರು ಹೇಳಿದರೂ ಇವರು ಈಗಲೇ ಆಪರೇಷನ್ ಮಾಡಿ ಎಂದು ಹಟ ಹಿಡಿದರು. ಹೆಂಡತಿಗೆ ಮಂಡಿನೋವು, ಬಸ್ಸು ಹತ್ತಲಾರರು. ಮಗಳು ಮಾಲೂರಿನಿಂದ ಬರುವುದು ತಡವಾಗುತ್ತದೆ, ನೀನು ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಹೋದೆ. ಬೆಳಗಿನ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಕಣ್ಣಿಗೆ ಹನಿ ಹಾಕುವ ನರ್ಸು ಹೆಸರು ಕರೆಯುತ್ತಾ ಬರುತ್ತಿದ್ದಳು. ಇವರಿಗಿಂತ ಮುಂದೆ ಇಬ್ಬರಿದ್ದರು.

ಮೇಷ್ಟ್ರು ತಾವಾಗಿಯೇ ಮಾತು ತೆಗೆದರು. ನನಗೆ ಕೊಟ್ಟದ್ದನ್ನೇ ಮತ್ತೆ ಕೊಡುತ್ತಿದ್ದುದು ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ.

"ಒಂದ್ಸಲಾನೂ ನಿನ್ನ ಎಣಿಕೆ ಬದಲಾಗಿಲ್ಲ. ಅದಕ್ಕೇ ಈ ಸಲ ನಿಂದಕ್ಕೂ ನಂದಕ್ಕೂ ತೇಡಾ ಬಂದಾಗ ನನ್ನ ಕಣ್ಣೇ ಅಂತ ಗೊತ್ತಾಯ್ತು. ನಿನ್ನ ಮೇಲೆ ಅನುಮಾನ ಪಡೋದು ಬೇಡ ಅಂತ್ಲೇ ಅಲ್ವೇನಮ್ಮ ಪರೀಕ್ಷೆ ಮಾಡಿದ್ದು."

ನರ್ಸು ಇನ್ನೊಬ್ಬರ ಹೆಸರು ಕರೆದಳು.

"ಸಾರ್, ಕಣ್ಣಲ್ಲ," ಎಂದೆ. "ನಾನು ಬೇಕೂಂತ ತಪ್ಪು ಬರೆದೆ."

ಅವರು ನನ್ನ ಕಡೆ ತಿರುಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಯಾವ ಯಾವ ಸ್ಲೈಡು ಎಂದು ಮಾತ್ರ ಕೇಳಿದರು. ನಾನು ಪಟ್ಟಿ ಇಟ್ಟಿರಲಿಲ್ಲ. ಕೆಲವು ನೆನಪಿದೆ, ಕೆಲವು ಇಲ್ಲ ಎಂದೆ. ಯಾವಾಗಿನಿಂದ ಎಂದು ಕೇಳಿದರು. ಒಂದು ತಿಂಗಳು ಅಂದೆ. ಅದಕ್ಕೆ ಮೊದಲು ಬರೆದದ್ದೆಲ್ಲ ಸರಿ ಸಾರ್ ಎಂದೆ. ಹಾಗೆ ಹೇಳುವಾಗಲೇ ಆ ಮಾತಿಗೆ ಬೆಲೆಯಿಲ್ಲವೆಂದು ನನಗೇ ತಿಳಿಯಿತು.

"ಹಂಗಾದ್ರೆ ನಿಂದು ಎಲ್ಲಾನೂ ತೆಗೀಬೇಕು," ಎಂದರು. "ಎರಡು ವರ್ಷದ್ದೂ."

ಎದ್ದು ಹೋಗಿ ನರ್ಸಿಗೆ ಆಪರೇಷನ್ ಈಗ ಬೇಡ ಎಂದು ಹೇಳಿ ಬಂದರು. ಮುಳಬಾಗಿಲಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ಮುಂದೆ ಹೋಗಿ ಬೇರೆಯವರ ಜೊತೆ ಕೂತರು. ಊರು ಬರುವ ತನಕ ಅವರ ಹಿಂದಲೆಯನ್ನೇ ನೋಡುತ್ತಾ ಕೂತಿದ್ದೆ.

ಪ್ರಿನ್ಸಿಪಾಲರಿಗೆ ಹೇಳುತ್ತಾರೆ, ನನ್ನ ಕೆಲಸ ಹೋಯಿತು ಎಂದುಕೊಂಡೆ. ವಾರ ಕಳೆದರೂ ಏನೂ ಆಗಲಿಲ್ಲ. ಹತ್ತನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಶನಿವಾರ ರಾಯಲ್ಪಾಡಿಗೆ ಹೋಗಬೇಕು, ಅಲ್ಲಿ ತೆಲುಗು ಬರುವವರು ಬೇಕು, ಬಾ ಎಂದರು. ಅಷ್ಟೇ.

ತೋಪು ಇದ್ದ ಜಾಗದಲ್ಲಿ ತೋಪು ಇರಲಿಲ್ಲ. ಮರಗಳನ್ನೆಲ್ಲ ಕಡಿದು ನೆಲ ಸಮ ಮಾಡಿ ಟೊಮೆಟೊ ಸಸಿ ನೆಟ್ಟಿದ್ದರು. ಆಸುಪಾಸಿನ ಹೊಸ ಕಸಿಮರಗಳ ತೊಗಟೆ ನುಣುಪು. ಔಷಧಿ ಹೊಡೆದ ವಾಸನೆ. ಒಂದು ಹುಳವೂ ಸಿಗಲಿಲ್ಲ. ಮೇಷ್ಟ್ರು ಟೊಮೆಟೊ ಸಾಲಿನ ಬದುವಿನ ಮೇಲೆ ಕೂತರು. ಖಾಲಿ ಸ್ಲೈಡುಗಳು ನನ್ನ ಕಣ್ಣ ಮುಂದೆ ಬಂದವು. ಸಸಿಗಳಿಗೆ ನೀರು ಕಟ್ಟುತ್ತಿದ್ದ ಹೆಂಗಸೊಬ್ಬಳನ್ನು ನಾನು ತೆಲುಗಿನಲ್ಲಿ ಮಾತಾಡಿಸಿದೆ. ಕಡಿದ ದಿಮ್ಮಿಗಳು ಬದುವಿನಲ್ಲೇ ಬಿದ್ದಿದ್ದವು, ಅವು ಹೋಗಿ ವಾರವೂ ಆಗಿಲ್ಲ, ಶ್ರೀನಿವಾಸಪುರದ ಕಡೆಯ ಸಾಮಿಲ್ಲಿಗೆ ಹೊಡೆದರು ಎಂದಳು.

ಸಾಮಿಲ್ಲಿನ ಯಜಮಾನ ನಮ್ಮ ಚೀಲ, ಸೀಸೆ, ಉಳಿ ನೋಡಿದ ಕೂಡಲೇ ಅರಣ್ಯ ಇಲಾಖೆಯವರೆಂದು ತಿಳಿದ. ಏನು ಕೇಳಿದರೂ ಗೊತ್ತಿಲ್ಲ ಎಂದ. ಅಂಗಳದ ತುಂಬ ಮಾವಿನ ದಿಮ್ಮಿಗಳು ಬಿದ್ದಿದ್ದವು, ಹಣ್ಣಿನ ಪೆಟ್ಟಿಗೆಗೆಂದು ಕೊಯ್ಯುವ ಮರ. ನಾನು ಯಾವುದೋ ಒಂದನ್ನು ತೋರಿಸಿ ಇದೇ ಇರಬೇಕು ಸಾರ್ ಎಂದೆ. ಇರಬೇಕು ಅನ್ನುವುದು ಸಾಲದು ಎಂದರು. ತೊಗಟೆಯ ಕೆಳಗೆ ಹುಳ ಸಿಕ್ಕರೂ ಯಾವ ಊರಿನ ಮರ ಎಂದು ಗೊತ್ತಾಗದಿದ್ದರೆ ತೆಗೆದುಕೊಳ್ಳುವುದಿಲ್ಲವೆಂದು ಹೇಳಿ ಗೇಟಿನ ಕಡೆ ಹೊರಟೇಬಿಟ್ಟರು. ನನಗೆ ಅಳು, ಸಿಟ್ಟು ಎರಡೂ ಬಂತು.

ಆಗ ಗರಗಸದ ಹತ್ತಿರ ಕೆಲಸ ಮಾಡುತ್ತಿದ್ದ ವಯಸ್ಸಾದ ಆಳು ಯಜಮಾನನ ಜೊತೆ ತೆಲುಗಿನಲ್ಲಿ ಗೊಣಗಿದ್ದು ಕೇಳಿಸಿತು. "ಎವುಡೋ ಚೆಟ್ಟುಕಿ ಮೇಕು ಕೊಟ್ಟಿನಾಡು." ಯಾವನೋ ಮರಕ್ಕೆ ಮೊಳೆ ಹೊಡೆದಿದ್ದಾನೆ, ಗರಗಸದ ಹಲ್ಲು ಮುರಿದುಹೋಯಿತು ಎಂದು. ನಾನು ಮೇಷ್ಟ್ರಿಗೆ ಕನ್ನಡದಲ್ಲಿ ಹೇಳಿದೆ. ಅವರು ಗೇಟಿನಿಂದ ಹಿಂದೆ ಬಂದರು. ಎಂಥ ಮೊಳೆ ಎಂದು ಕೇಳು ಎಂದರು. ಆತ ಪೂರ್ತಿ ಕೊಯ್ಯದೆ ಪಕ್ಕಕ್ಕೆ ಉರುಳಿಸಿದ್ದ ದಿಮ್ಮಿ ತೋರಿಸಿದ. ಮೊಳೆಯ ಕೆಳಗೆ ಬೆರಳಗಲದ ಅಲ್ಯೂಮಿನಿಯಂ ತಗಡು, ಅದರ ಮೇಲೆ ಉಗುರಿನಿಂದ ಗೀಚಿದಂಥ ನಂಬರು. ಹುಳ ಸಿಕ್ಕ ಪ್ರತಿ ಮರಕ್ಕೂ ಮೇಷ್ಟ್ರು ಹೀಗೊಂದು ಗುರುತು ಹೊಡೆದಿದ್ದರಂತೆ.

"ಆ ಯಾವನೋ ನಾನೇನಪ್ಪ," ಎಂದು ಅವರು ಆತನಿಗೆ ಕೈ ಮುಗಿದರು. "ತಪ್ಪಾಯ್ತು."

ನಾನು ತೆಲುಗಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಆತ ತಾನೇ ಸಲಾಕೆ ತಂದು ತೊಗಟೆ ಎಬ್ಬಿಸಿಕೊಟ್ಟ. ಮೂವರೂ ನೆಲಕ್ಕೆ ಮಂಡಿಯೂರಿ ಹುಡುಕಿದೆವು. ತಗಡಿದ್ದ ಆ ಒಂದು ದಿಮ್ಮಿಯಲ್ಲಿ ಬೆರಳೆಣಿಕೆಯಷ್ಟು ಸಿಕ್ಕವು, ಇಕ್ಕಳ ಚಾಚಿಕೊಂಡು ಹಿಂದಹಿಂದಕ್ಕೆ ಓಡುತ್ತಾ. ಪಕ್ಕದ ದಿಮ್ಮಿಯಲ್ಲೂ ಇದ್ದವು. ಅದರಲ್ಲಿ ತಗಡಿರಲಿಲ್ಲ, ಅವನ್ನು ಅವರು ಮುಟ್ಟಲಿಲ್ಲ.

ಹೊಸ ಸ್ಲೈಡುಗಳಾದವು. ನಾನು ಸ್ಟೂಲಿನ ಹತ್ತಿರ ಹೋಗಿ ನಿಂತೆ. ಬೇಡಮ್ಮ ಎಂದರು. ಸಿಟ್ಟಿನಿಂದಲ್ಲ, ಬಾಗಿಲು ಹಾಕಿಕೊಂಡು ಹೋಗು ಎನ್ನುವಷ್ಟೇ ಸಾಧಾರಣವಾಗಿ. ಕೋಲಾರದಲ್ಲಿ ಪಾಠ ಮಾಡುತ್ತಿದ್ದ ಅವರ ಹಳೆಯ ಶಿಷ್ಯೆಯೊಬ್ಬರು ಎಣಿಸಿದರು. ಮೇಷ್ಟ್ರ ಮೊದಲಿನ ಲೆಕ್ಕವೇ ಸರಿಯಾಗಿತ್ತು: ರಾಯಲ್ಪಾಡಿನದಕ್ಕಿಂತ ಆವನಿಯದರಲ್ಲಿ ಎರಡು ಕಡಿಮೆ. ನಾನು ಆ ಕಾಲೇಜಿನಲ್ಲಿ ಮುಂದೆಯೂ ಇದ್ದೆ. ಪ್ರತಿ ವರ್ಷ ನನ್ನನ್ನು ಮುಂದುವರಿಸಲು ಅವರೇ ಪತ್ರ ಬರೆದುಕೊಡುತ್ತಿದ್ದರು, ಪಾಠ ಚೆನ್ನಾಗಿ ಮಾಡುತ್ತಾಳೆ ಎಂದು. ಅದು ನಿಜ, ಪಾಠ ಚೆನ್ನಾಗಿಯೇ ಮಾಡುತ್ತಿದ್ದೆ. ಆದರೆ ಅವರು ನಿವೃತ್ತರಾಗುವ ತನಕ ಒಂದು ಸ್ಲೈಡನ್ನೂ ನನ್ನ ಕೈಗೆ ಕೊಡಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಮನೆಗೆ ಕರೆಸಿದರು. ಆಗ ನಿಜವಾಗಿಯೂ ಪೊರೆ ಬಲಿತು ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಆ ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಉಸಿರಾಟವೂ ಸರಿಯಿರಲಿಲ್ಲ. ಲೇಖನ ಕಳಿಸಬೇಕು, ಓದಲಾಗುತ್ತಿಲ್ಲ, ನೀನು ಒಂದು ಸಲ ಪೂರ್ತಿ ಓದಿ ಹೇಳು ಎಂದರು. ಓದುತ್ತಾ ಹೋದೆ. ಹುಳ ಹಿಡಿದ ಜಾಗ, ಮರ, ದಿಮ್ಮಿ, ತಗಡು ಎಲ್ಲ ಇತ್ತು. ಸಾಮಿಲ್ಲಿನ ಆ ಆಳಿಗೆ ವಂದನೆ ಇತ್ತು. ಹುಳ ಹುಡುಕಲು ನೆರವಾದಳೆಂದು ನನಗೂ ಇತ್ತು, ಎಣಿಕೆಯ ಮಾತಿರಲಿಲ್ಲ. ಆಮೇಲೆ ಒಂದು ಸಾಲು ಬಂತು. ತಾಳೆ ನೋಡಲು ಎರಡನೆಯವರೊಬ್ಬರು ಮೊದಲು ಮಾಡಿದ್ದ ಎಣಿಕೆಯನ್ನು ಪೂರ್ತಿ ಕೈಬಿಡಲಾಗಿದೆ, ಎಣಿಸಿದವರ ಕಣ್ತಪ್ಪಿನಿಂದಾಗಿ ಅದರಲ್ಲಿ ವ್ಯತ್ಯಾಸಗಳಿದ್ದವು ಎಂದು.

ಓದು ನಿಲ್ಲಿಸಿದೆ.

"ಸಾರ್, ಇದು ಕಣ್ತಪ್ಪಲ್ಲ."

"ಗೊತ್ತು."

ಮತ್ತೆ ಯಾಕೆ ಹೀಗೆ ಬರೆದಿರಿ ಎಂದು ಕೇಳಿದೆ. ನಿನಗಿನ್ನೂ ಕೆಲಸ ಖಾಯಂ ಆಗಿಲ್ಲ ಎಂದರು. ಹೆಸರು ಹಾಕಿಲ್ಲವಲ್ಲ ಎಂದೆ. ಆಗ ತಮ್ಮ ಜೊತೆ ಎಣಿಸುತ್ತಿದ್ದವರು ಇನ್ನು ಯಾರಿದ್ದರು, ಓದಿದವರಿಗೆ ಗೊತ್ತಾಗುವುದಿಲ್ಲವೇ ಎಂದರು. ಬಸ್ಸಿನ ವೇಳೆಯನ್ನೂ ಮೂರು ಸಲ ತಾಳೆ ನೋಡುತ್ತಿದ್ದ ಮನುಷ್ಯ, ನಿಜವಲ್ಲವೆಂದು ತಿಳಿದೂ ತಿಳಿದೂ ಒಂದು ಪದವನ್ನು ನನಗಾಗಿ ಬರೆದಿದ್ದರು.

"ಆದ್ರೂ ಅದು ಕಣ್ತಪ್ಪಲ್ಲ ಸಾರ್," ಎಂದೆ.

ಅವರು ಜೇಬಿನಲ್ಲಿದ್ದ ಪೆನ್ನು ತೆಗೆದು ನನ್ನ ಕಡೆ ಚಾಚಿದರು. ಆ ಪದವನ್ನು ಹೊಡೆದುಹಾಕಿ, ಎಣಿಸಿದವರು ಉದ್ದೇಶಪೂರ್ವಕವಾಗಿ ತಪ್ಪು ಸಂಖ್ಯೆ ಬರೆದಿದ್ದರಿಂದ ಎಂದು ಮೇಲೆ ಬರೆದೆ. ಈಗ ಆ ಸಾಲನ್ನು ಮೊದಲಿನಿಂದ ಓದು ಎಂದರು. ಓದಿದೆ. ಅವರು ತೆರೆದಿದ್ದ ಕಣ್ಣನ್ನೂ ಮುಚ್ಚಿಕೊಂಡು ಕೇಳಿದರು.

"ಸರಿ," ಎಂದರು. "ಮುಂದಕ್ಕೆ ಓದು."